ಚೀನಾದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಜೊತೆ, ಗೇಮಿಂಗ್‌ಗೆ ಗೆಳೆಯರು: ಹೊಸದಾಗಿ ಹೋದವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಗಲ್ಲಿ ಕ್ರಿಕೆಟ್ ಇರುವ ಜಾಗದಲ್ಲಿ ಚೀನಾದಲ್ಲಿ ಬ್ಯಾಸ್ಕೆಟ್‌ಬಾಲ್ ಇದೆ. 1895ರಲ್ಲಿ ವೈಎಂಸಿಎ ಮೂಲಕ ತಿಯಾನ್‌ಜಿನ್‌ಗೆ ಬಂದಿಳಿದ ಆಟ ಈಗ ಪಾರ್ಕು, ಕಾಲೇಜು, ಕಾರ್ಖಾನೆ ಆವರಣ, ಫ್ಲೈಓವರ್ ಕೆಳಗಿನ ಖಾಲಿ ಜಾಗ ಎಲ್ಲ ಕಡೆಯೂ ಇದೆ. ಗುಯಿಝೌ ಪ್ರಾಂತ್ಯದ ತೈಪಾನ್ ಎಂಬ ಹಳ್ಳಿಯ ಪಂದ್ಯಾವಳಿಯನ್ನು 2022ರಲ್ಲಿ ದೇಶವೇ ಮೊಬೈಲಿನಲ್ಲಿ ಕೂತು ನೋಡಿತು. ಯಾರೂ ಕರೆಯದೆ, ಸದಸ್ಯತ್ವ ಕೇಳದೆ, ಅಂಕಣಕ್ಕೆ ಬಂದವರೆಲ್ಲ ಸೇರಿ ಆಡುವ ಆಟಕ್ಕೆ ಅಲ್ಲಿನವರು ‘ಯೆ ಛ್ಯೋ’ ಎನ್ನುತ್ತಾರೆ. ಅಂದರೆ ಕಾಡು ಚೆಂಡು.

ಎಂಬಿಬಿಎಸ್ ಓದಲು ಹೋದವರು, ಕಂಪನಿ ಕೆಲಸಕ್ಕೆ ಶಾಂಘೈ, ಶೆನ್‌ಝೆನ್ ಸೇರಿದವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಮೊದಲು ಗೆಳೆಯರನ್ನು ಹುಡುಕುತ್ತಾರೆ, ಆಮೇಲೆ ಅವರ ಜೊತೆ ಆಡೋಣ ಎಂದುಕೊಳ್ಳುತ್ತಾರೆ. ಅಲ್ಲಿ ದಾರಿ ಉಲ್ಟಾ. ಚೀನೀ ಯುವಜನರ ಬಾಯಲ್ಲಿ ಈಗ ‘ತಾತ್ಸ’ ಎಂಬ ಮಾತಿದೆ: ಒಂದೇ ಒಂದು ಕೆಲಸಕ್ಕೆ ಜೊತೆಯಾಗುವವನು. ಊಟದ ತಾತ್ಸ, ಚೆಂಡಿನ ತಾತ್ಸ, ಗೇಮಿನ ತಾತ್ಸ. ಬೇರೆ ಯಾವ ಹಂಗೂ ಇಲ್ಲ, ಮನೆ ವಿಷಯ ಕೇಳುವುದಿಲ್ಲ. ‘ನನಗೆ ಗೆಳೆಯರು ಬೇಕು’ ಎಂದರೆ ಜನ ಹಿಂಜರಿಯುತ್ತಾರೆ. ‘ಗುರುವಾರ ಸಂಜೆ ಏಳಕ್ಕೆ ಚೆಂಡಿಗೆ ಜೊತೆ ಬೇಕು’ ಎಂದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಸ್ನೇಹ ಬೆಳೆಯುವುದಿದ್ದರೆ ಅದರ ಬೆನ್ನಿಗೇ ಬೆಳೆಯುತ್ತದೆ.

ಉಚ್ಚಾರದ ಬಗ್ಗೆ ಒಂದು ಮಾತು. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣದ ಭೇದ ಅರ್ಥವನ್ನೇ ಬದಲಿಸುತ್ತದೆ. ಇಂಗ್ಲಿಷ್ ಅಕ್ಷರ ನೋಡಿ ಓದುವವರು ಇಲ್ಲೇ ಎಡವುವುದು. ನಮ್ಮ ಲಿಪಿಯಲ್ಲಿ ಚ, ಛ ಎರಡೂ ಇರುವುದರಿಂದ, ಕೆಳಗಿನ ಆಟದ ಮಾತುಗಳನ್ನು ಬರೆದ ಹಾಗೇ ಓದಿದರೆ ಕೇಳಿದವರಿಗೆ ಹೆಚ್ಚುಕಡಿಮೆ ಅರ್ಥವಾಗುತ್ತದೆ. ಊರಿನ ಹೆಸರುಗಳು ಮಾತ್ರ ಪತ್ರಿಕೆಗಳಲ್ಲಿ ಬರುವ ರೂಢಿಯಲ್ಲಿವೆ.

ಹೆಜ್ಜೆ 1: ಫೋನ್ ಸಿದ್ಧ ಮಾಡಿಕೊಳ್ಳಿ

ಚಾಟ್, ಪಾವತಿ ಎರಡಕ್ಕೂ ಅಲ್ಲಿನವರು ಬಳಸುವ ವೀಚಾಟ್ ಆ್ಯಪ್ ಇಲ್ಲದೆ ಮೊದಲ ಆಟ ಆಡಬಹುದು, ಎರಡನೆಯದು ಕಷ್ಟ. ಭಾರತದಿಂದ ಹೋದವರಿಗೆ ಇಲ್ಲೊಂದು ತೊಡಕಿದೆ. 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಒಂದು. ಹಾಗಾಗಿ ಇಲ್ಲಿನ ಆ್ಯಪ್ ಸ್ಟೋರ್‌ನಲ್ಲಿ ಅದು ಸಿಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ಗೂಗಲ್ ಪ್ಲೇ ತೆರೆಯುವುದಿಲ್ಲ. ಆಂಡ್ರಾಯ್ಡ್ ಇದ್ದವರು ಚೀನಾ ತಲುಪಿದ ಮೇಲೆ ವೀಚಾಟ್‌ನ ಅಧಿಕೃತ ಜಾಲತಾಣದಿಂದಲೇ ನೇರವಾಗಿ ಇಳಿಸಿಕೊಳ್ಳಬೇಕು. ಐಫೋನ್ ಇದ್ದವರು ಆ್ಯಪ್ ಸ್ಟೋರ್‌ನ ದೇಶ ಬದಲಿಸಬೇಕು. ಖಾತೆಯಲ್ಲಿ ಹಣ ಉಳಿದಿದ್ದರೆ ಅಥವಾ ಯಾವುದಾದರೂ ಚಂದಾ ಚಾಲ್ತಿಯಲ್ಲಿದ್ದರೆ ದೇಶ ಬದಲಿಸಲು ಬಿಡುವುದಿಲ್ಲ, ಅದನ್ನು ಮೊದಲೇ ಮುಗಿಸಿಕೊಳ್ಳಿ. ಅದು ಬೇಡವೆಂದರೆ ಬೇರೆಯದೇ ಒಂದು ಆ್ಯಪಲ್ ಐಡಿ ಮಾಡಿಕೊಳ್ಳಿ.

ಪಾಸ್‌ಪೋರ್ಟ್ ತೋರಿಸಿ ಚೀನೀ ಸಿಮ್ ತೆಗೆದುಕೊಂಡು ಅದೇ ಸಂಖ್ಯೆಯಲ್ಲಿ ನೋಂದಾಯಿಸಿ. ನೋಂದಣಿ ವೇಳೆ ಹಳೆಯ ಖಾತೆಯಿರುವ ಒಬ್ಬರು ನಿಮ್ಮ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸಾಕ್ಷಿ ಹೇಳುವಂತೆ ಕೇಳಬಹುದು. ಒಬ್ಬರು ಇಷ್ಟೇ ಜನರಿಗೆ ಹೀಗೆ ನೆರವಾಗಬಹುದು ಎಂಬ ಮಿತಿಯಿದೆ. ಕಚೇರಿಯ ಮಾನವ ಸಂಪನ್ಮೂಲ ವಿಭಾಗದವರ ಕೋಟಾ ಸಾಮಾನ್ಯವಾಗಿ ಖಾಲಿಯಾಗಿರುತ್ತದೆ, ಪಕ್ಕದ ಮೇಜಿನವರನ್ನು ಕೇಳಿ.

ವೀಚಾಟ್ ಪೇ ಜೋಡಿಸುವುದನ್ನು ಮುಂದೂಡಬೇಡಿ. ನೂರಕ್ಕಿಂತ ಹೆಚ್ಚು ಜನರಿರುವ ಗುಂಪಿಗೆ ಸೇರಬೇಕಾದರೆ ಅದು ಚಾಲ್ತಿಯಲ್ಲಿರಬೇಕು, ಆಟದ ಗುಂಪುಗಳು ಬೇಗ ಆ ಗಡಿ ದಾಟುತ್ತವೆ. ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್ ದಾಟಿದ ಪಾವತಿಗೆ ಶೇ. 3 ಶುಲ್ಕ ಬೀಳುತ್ತದೆ. ಆದರೆ ವಿದೇಶಿ ಕಾರ್ಡು ಅಂಗಡಿಗೆ ಕೊಡಲು ಆಗುತ್ತದೆ, ವ್ಯಕ್ತಿಗಳಿಗೆ ಹಣ ಕಳಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅಂಕಣದ ಬಾಡಿಗೆ ಹಂಚಿಕೊಳ್ಳುವಾಗ ನಿಮ್ಮ ಪಾಲು ಹೋಗದೆ ಮುಖ ಸಣ್ಣದಾಗುವುದು ಇಲ್ಲೇ. ಚೀನೀ ಬ್ಯಾಂಕ್ ಖಾತೆ ಆಗುವವರೆಗೆ ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟುಗಳಿರಲಿ.

ಇದಲ್ಲದೆ ಎರಡು ಆ್ಯಪ್ ಬೇಕು. ನಕ್ಷೆಗೆ ಕಾವ್‌ತ (ಅಮ್ಯಾಪ್ ಎಂದೂ ಹೆಸರಿದೆ), ಜನರನ್ನು ಹುಡುಕಲು, ಪೋಸ್ಟ್ ಹಂಚಿಕೊಳ್ಳುವ ಶ್ಯಾವ್‌ಹೊಂಗ್‌ಶು. 2025ರ ಜನವರಿಯಲ್ಲಿ ಅಮೆರಿಕದ ಟಿಕ್‌ಟಾಕ್ ಬಳಕೆದಾರರು ಗುಂಪಾಗಿ ಬಂದಿಳಿದ ಮೇಲೆ ಶ್ಯಾವ್‌ಹೊಂಗ್‌ಶುವಿನಲ್ಲಿ ಅನುವಾದದ ಬಟನ್ನೂ ಸೇರಿತು. ಈ ಲೇಖನದ ಚೀನೀ ಪದಗಳನ್ನು ಸಹೋದ್ಯೋಗಿಯೊಬ್ಬರಿಂದ ಅವರ ಲಿಪಿಯಲ್ಲಿ ಬರೆಸಿ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಹುಡುಕಾಟಕ್ಕೆ ನಕಲು ಮಾಡಿ ಹಾಕುವುದು ಸುಲಭ.

ಹೆಜ್ಜೆ 2: ಅಂಕಣ ಹುಡುಕಿ

ನಕ್ಷೆಯಲ್ಲಿ ‘ಲಾನ್‌ಛ್ಯೋ ಛಾಂಗ್’ (ಬ್ಯಾಸ್ಕೆಟ್‌ಬಾಲ್ ಅಂಕಣ) ಎಂದು ಹುಡುಕಿದರೆ ಹತ್ತಾರು ಗುರುತು ಕಾಣುತ್ತವೆ. ಅರ್ಧದಷ್ಟು ವಸತಿ ಸಮುಚ್ಚಯಗಳ ಒಳಗಿನವು, ಕಾವಲುಗಾರ ಒಳಗೆ ಬಿಡುವುದಿಲ್ಲ. ಫೋಟೋಗಳ ತಾರೀಖು ನೋಡಿ. ಕಳೆದ ಎರಡು ಮೂರು ತಿಂಗಳಲ್ಲಿ ಯಾರೂ ಫೋಟೋ ಹಾಕಿಲ್ಲವೆಂದರೆ ಅಂಕಣವೇ ಇಲ್ಲದಿರಬಹುದು.

ಪಾರ್ಕಿನ ಅಂಕಣಗಳು ಉಚಿತ ಅಥವಾ ಅಗ್ಗ, ಜನ ತುಂಬಿರುತ್ತಾರೆ. ಶಾಂಘೈನ ಶುಜಿಯಾಹುಯಿ ಪಾರ್ಕ್ ಹೊರಗಿನವರಿಗೆ ಒಳ್ಳೆಯ ಮೊದಲ ಮೆಟ್ಟಿಲು, ವಿದೇಶಿಯರು ಅಲ್ಲಿ ಹೊಸಬರಲ್ಲ. ಬೀಜಿಂಗ್‌ನಲ್ಲಿ ಹೆಸರಾದದ್ದು ದೊಂಗ್‌ದಾನ್, ಮೆಟ್ರೋದ 1 ಮತ್ತು 5ನೇ ಮಾರ್ಗ ಸೇರುವಲ್ಲೇ ಇದೆ. ಆದರೆ ಅಲ್ಲಿನ ಮಟ್ಟ ಎತ್ತರದ್ದು. ಮೊದಲ ದಿನವೇ ಅಲ್ಲಿಗೆ ಹೋಗುವುದು ಈಜು ಕಲಿಯಲು ಸಮುದ್ರಕ್ಕೆ ಇಳಿದ ಹಾಗೆ. ಒಂದು ಸಂಜೆ ಸುಮ್ಮನೆ ನೋಡಿ ಬನ್ನಿ. ಗುವಾಂಗ್‌ಝೌನಲ್ಲಿ 1987ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ತಿಯಾನ್‌ಹೆ ಕ್ರೀಡಾ ಕೇಂದ್ರವಿದೆ.

ದುಡ್ಡು ಕೊಟ್ಟು ಆಡುವ ಒಳಾಂಗಣಗಳಲ್ಲಿ ಎರಡು ಪದ ಗೊತ್ತಿರಬೇಕು. ‘ಸಾನ್ ಖ’ ಎಂದರೆ ಒಬ್ಬೊಬ್ಬರಾಗಿ ಟಿಕೆಟ್ ತೆಗೆದುಕೊಂಡು ಒಳಗಿದ್ದವರೊಡನೆ ಆಡುವುದು. ‘ಪಾವ್ ಛಾಂಗ್’ ಎಂದರೆ ಇಡೀ ಅಂಕಣ ಬಾಡಿಗೆಗೆ. ಒಂಟಿಯಾಗಿ ಹೋಗುವವರಿಗೆ ಬೇಕಾದದ್ದು ಮೊದಲನೆಯದು. ಬುಕಿಂಗ್ ಹೆಚ್ಚಾಗಿ ವೀಚಾಟ್ ಒಳಗೇ ತೆರೆಯುವ ಪುಟ್ಟ ಆ್ಯಪ್‌ನಲ್ಲಿ, ಅಂದರೆ ಮಿನಿ ಪ್ರೋಗ್ರಾಮ್‌ನಲ್ಲೇ ನಡೆಯುತ್ತದೆ. ಹೆಸರು ತಿಳಿಯದಿದ್ದರೆ ಗೇಟಿನ ಬಳಿ ಅಂಟಿಸಿದ ಕೋಡ್ ಸ್ಕ್ಯಾನ್ ಮಾಡಿ. ಶಾಂಘೈನಲ್ಲಿ ‘ಲ್ವೋ ಖ’ ಪಾರ್ಕ್ ಹೆಸರಿನ ಅಂಕಣಗಳ ಸರಣಿಯೇ ಇದೆ, ನ್ಯೂಯಾರ್ಕಿನ ರಕರ್ ಪಾರ್ಕ್ ಹೆಸರನ್ನು ಎರವಲು ಪಡೆದದ್ದು. ಆಗಸ್ಟ್ 8 ರಾಷ್ಟ್ರೀಯ ಫಿಟ್ನೆಸ್ ದಿನ, ಅಂದು ಅನೇಕ ಸರ್ಕಾರಿ ಕ್ರೀಡಾಂಗಣಗಳು ಉಚಿತ ಅಥವಾ ರಿಯಾಯಿತಿ.

ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸೇ ಸಾಕು. ಹೊರಗಿನವರಿಗೆ ಮಾತ್ರ ಕೋವಿಡ್ ನಂತರ ಅನೇಕ ವಿಶ್ವವಿದ್ಯಾಲಯಗಳ ಗೇಟು ಮೊದಲಿನಷ್ಟು ಸಲೀಸಾಗಿ ತೆರೆಯುವುದಿಲ್ಲ. ಮುಂಗಡ ನೋಂದಣಿ ಇಲ್ಲವೇ ಒಳಗಿನವರ ಆಹ್ವಾನ ಬೇಕಾಗುತ್ತದೆ.

ನೆಲ ನೋಡಿಕೊಳ್ಳಿ. ಪಾರ್ಕುಗಳಲ್ಲಿ ಈಗ ತುಂಡು ತುಂಡಾಗಿ ಜೋಡಿಸಿದ ಪ್ಲಾಸ್ಟಿಕ್ ನೆಲ ಹೆಚ್ಚು. ಮಂಡಿಗೆ ಹಿತ, ಆದರೆ ಮಳೆ ಬಿದ್ದ ಮೇಲೆ ಸಾಬೂನಿನಂತೆ ಜಾರುತ್ತದೆ. ಸಿಮೆಂಟ್ ನೆಲ ಶೂ ಅಡಿಯನ್ನು ತಿನ್ನುತ್ತದೆ. ಅಂಥ ನೆಲಕ್ಕೆ ತಾಳುವ ಗಟ್ಟಿ ಸೋಲ್‌ನ ಶೂಗಳಿಗೆ ಅಲ್ಲಿನವರು ‘ಸಿಮೆಂಟಿನ ವೈರಿ’ ಎಂದೇ ಅಡ್ಡಹೆಸರಿಟ್ಟಿದ್ದಾರೆ, ಅಂಗಡಿಯಲ್ಲಿ ಹಾಗೆಯೇ ಕೇಳಬಹುದು. ಚೆಂಡು 7ನೇ ಅಳತೆಯದು, ಹೊರಾಂಗಣದ್ದು.

ಹೆಜ್ಜೆ 3: ಒಬ್ಬರೇ ಹೋಗಿ ಆಟಕ್ಕೆ ಸೇರಿಕೊಳ್ಳಿ

ವಾರದ ದಿನ ಸಂಜೆ ಆರರಿಂದ ಒಂಬತ್ತು, ವಾರಾಂತ್ಯದಲ್ಲಿ ಮಧ್ಯಾಹ್ನ ಮೂರರ ಮೇಲೆ. ಕತ್ತಲಾದ ಮೇಲೆ ದೀಪ ಎಷ್ಟಕ್ಕೆ ಆರುತ್ತದೆಂದು ಮೊದಲೇ ಕೇಳಿಕೊಳ್ಳಿ. ಎಷ್ಟೋ ಪಾರ್ಕುಗಳಲ್ಲಿ ಆಟದ ನಡುವೆಯೇ ಆರಿಬಿಡುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರದ ಹೊತ್ತಿನಲ್ಲಿ ಅಂಕಣ ಹಿರಿಯರ ಗುಂಪು ನೃತ್ಯಕ್ಕೆ ಹೋಗಿರಬಹುದು. 2017ರಲ್ಲಿ ಲುವೊಯಾಂಗ್ ನಗರದ ಪಾರ್ಕೊಂದರಲ್ಲಿ ಆಟಗಾರ ಹುಡುಗರಿಗೂ ನೃತ್ಯದ ಹಿರಿಯರಿಗೂ ಕೈಕೈ ಮಿಲಾಯಿಸಿ ದೊಡ್ಡ ಸುದ್ದಿಯಾಗಿತ್ತು. ಆ ಅಜ್ಜಿಯರ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲಲಾರಿರಿ.

ಚೆಂಡಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹೆಚ್ಚಿನ ಆಟ ಅರ್ಧ ಅಂಕಣದಲ್ಲಿ, ಮೂರು ಮೂರು ಅಥವಾ ನಾಲ್ಕು ನಾಲ್ಕು ಜನ. ಒಂದೊಂದು ಬುಟ್ಟಿಗೂ ಒಂದೊಂದು ಗುಂಪು. ಕ್ರಮ ಹೀಗೆ:

1. ಬುಟ್ಟಿಯ ಹಿಂದಿನ ಗೆರೆಯ ಪಕ್ಕ ಎರಡು ನಿಮಿಷ ನಿಂತು ಆಟದ ಮಟ್ಟ ನೋಡಿ. ನಿಮಗಿಂತ ತೀರ ಮೇಲಿದ್ದರೆ ಪಕ್ಕದ ಬುಟ್ಟಿಗೆ ನಡೆಯಿರಿ.

2. ಆಟ ನಿಂತಾಗ, ನಡೆಯುತ್ತಿರುವಾಗ ಅಲ್ಲ, ‘ಛ್ಯುವೆ ರೆನ್ ಮಾ?’ ಎಂದು ಕೇಳಿ. ಜನ ಕಡಿಮೆಯಿದ್ದಾರಾ ಎಂದರ್ಥ. ಅಥವಾ ‘ಚ್ಯಾ ವೋ ಇ ಕ’, ನನ್ನನ್ನೂ ಒಬ್ಬನೆಂದು ಸೇರಿಸಿ. ತಲೆಯಾಡಿಸಿದರೆ ಸೇರಿದಿರಿ. ಹೆಸರು, ದೇಶ, ವೇಷ ಯಾವುದರ ಪರಿಚಯವೂ ಆಗ ಬೇಡ.

3. ತಂಡ ತುಂಬಿದ್ದರೆ ಹೊರಗೆ ಕಾಯುತ್ತಿರುವವರಲ್ಲಿ ಇಬ್ಬರನ್ನು ಕೂಡಿಸಿಕೊಂಡು ನೀವೇ ಮುಂದಿನ ತಂಡವಾಗಿ. ಕಾಯುವವರು ಬಿಡಿಬಿಡಿಯಾಗಿ ಕೂತಿರುತ್ತಾರೆ, ಯಾರಾದರೂ ಕೇಳಲಿ ಎಂದು ಎಲ್ಲರೂ ಕಾಯುತ್ತಿರುತ್ತಾರೆ. ಆ ಕೇಳುವವರು ನೀವಾದರೆ ಆ ಸಂಜೆಯ ತಂಡ ನಿಮ್ಮದೇ.

4. ತಂಡ ಹಂಚುವುದು ಸಾಮಾನ್ಯವಾಗಿ ಅಂಗೈ, ಮುಂಗೈ ತೋರಿಸಿ. ನಮ್ಮ ಮಕ್ಕಳು ಆಡುವಂತೆಯೇ. ಕೆಲವೆಡೆ ದೂರದಿಂದ ಚೆಂಡೆಸೆದು, ಮೊದಲು ಬುಟ್ಟಿಗೆ ಹಾಕಿದವರು ಒಂದು ತಂಡ.

5. ಶುರುವಿಗೆ ಮುನ್ನ ‘ತಾ ಚಿ ಕ?’ ಎಂದು ಕೇಳಿ, ಎಷ್ಟಕ್ಕೆ ಆಟ ಎಂದು. ಬುಟ್ಟಿಯ ಸುತ್ತಲಿನ ಕಮಾನು ಗೆರೆಯ ಒಳಗಿನಿಂದ 1, ಆಚೆಯಿಂದ 2 ಅಂಕ ಎಂಬುದು ರೂಢಿ. ಜನ ಹೆಚ್ಚಿದ್ದರೆ 5ಕ್ಕೇ ಮುಗಿಸುತ್ತಾರೆ, ಕಡಿಮೆಯಿದ್ದರೆ 7 ಅಥವಾ 11. ಸೋತವರು ಹೊರಗೆ, ಗೆದ್ದವರು ಉಳಿಯುತ್ತಾರೆ. ಸತತ ಮೂರು ಗೆದ್ದರೆ ತಾವಾಗಿ ಇಳಿಯಬೇಕೆಂಬ ನಿಯಮ ಕೆಲವು ಕಡೆ. ಬುಟ್ಟಿಗೆ ಹಾಕಿದವರ ಕೈಗೇ ಚೆಂಡು ಮರಳುತ್ತದೋ ಎದುರಾಳಿಗೋ ಎಂಬುದು ಅಂಕಣದಿಂದ ಅಂಕಣಕ್ಕೆ ಬೇರೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ, ಮೊದಲೇ ಕೈಸನ್ನೆಯಲ್ಲಾದರೂ ಕೇಳಿಕೊಳ್ಳಿ.

ಕಿವಿಗೆ ಬೀಳುವ ಮಾತುಗಳು ನಾಲ್ಕೈದೇ. ‘ಹಾವ್ ಛ್ಯೋ’ ಅಂದರೆ ಭೇಷ್. ‘ತ್ಸೋ ಪು’ ಚೆಂಡು ಪುಟಿಸದೆ ನಡೆದ ಹೆಜ್ಜೆ ತಪ್ಪು, ‘ಫ಼ಾನ್ ಕ್ವೇ’ ಫೌಲ್, ‘ಛು ಚಿಯೆ’ ಚೆಂಡು ಅಂಕಣದ ಹೊರಗೆ. ‘ತಾ ಥಿಯೆ’ ಎಂದರೆ ಕಬ್ಬಿಣ ಬಡಿಯುವುದು, ಎಸೆದ ಚೆಂಡು ರಿಂಗಿಗೆ ಬಡಿದು ಹಾರಿದಾಗ. ನಿಮಗೆ ಹಾಗೆಂದರೆ ಬೇಸರ ಬೇಡ, ಅದು ಸಲಿಗೆ. ಫೌಲ್‌ಗೆ ಒಳಗಾದವರೇ ಕೂಗಿ ಹೇಳುವುದು ಪದ್ಧತಿ, ಅನುಮಾನವಿದ್ದರೆ ಚೆಂಡು ಅವರಿಗೇ ಬಿಟ್ಟುಬಿಡಿ. ಮೊದಲ ಆಟದಲ್ಲಿ ಎರಡು ಒಳ್ಳೆ ಪಾಸ್ ಕೊಟ್ಟವರನ್ನು ಮತ್ತೆ ಕರೆಯುತ್ತಾರೆ. ಎಂಟು ಸಲ ತಾವೇ ಎಸೆದು ನಾಲ್ಕು ಹಾಕಿದವರನ್ನು ಕರೆಯುವುದಿಲ್ಲ.

ಗಾಯದ ವಿಷಯ ಗಂಭೀರ. 2021ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆಯ 1176ನೇ ವಿಧಿಯ ಪ್ರಕಾರ, ಅಪಾಯವಿರುವ ಆಟದಲ್ಲಿ ಸ್ವಇಚ್ಛೆಯಿಂದ ಪಾಲ್ಗೊಂಡವರು ಗಾಯಗೊಂಡರೆ, ಎದುರಿನವರು ಬೇಕೆಂದೇ ಅಥವಾ ತೀರ ಅಜಾಗರೂಕತೆಯಿಂದ ಮಾಡಿದ್ದಲ್ಲದೆ ಪರಿಹಾರ ಕೇಳಲಾಗದು. ಅಂದರೆ ಪಾದ ಉಳುಕಿದರೆ ಖರ್ಚು ನಿಮ್ಮದೇ. ನಿಮ್ಮ ವಿಮೆಯಲ್ಲಿ ಕ್ರೀಡಾ ಗಾಯ ಸೇರಿದೆಯೇ ನೋಡಿಕೊಳ್ಳಿ. ಆಂಬುಲೆನ್ಸ್ ಸಂಖ್ಯೆ 120.

ಹೆಜ್ಜೆ 4: ಒಂದು ಸಂಜೆಯ ಆಟವನ್ನು ವಾರದ ಆಟ ಮಾಡಿಕೊಳ್ಳಿ

ಬೇರೆ ಬೇರೆ ಅಂಕಣ ಸುತ್ತುವ ಚಪಲ ಬಿಡಿ. ಒಂದೇ ಅಂಕಣ, ವಾರದ ಒಂದೇ ದಿನ, ಒಂದೇ ಹೊತ್ತು; ಮೂರ್ನಾಲ್ಕು ವಾರ ತಪ್ಪದೆ ಹೋಗಿ. ಎರಡನೇ ವಾರಕ್ಕೆ ಮುಖ ಗುರುತಾಗುತ್ತದೆ, ಆಗ ಆಟ ಮುಗಿದ ಮೇಲೆ ವೀಚಾಟ್ ಕೋಡ್ ತೋರಿಸಿ. ಎಲ್ಲರನ್ನೂ ಕೇಳಬೇಡಿ. ಯಾರು ಫೋನ್ ಹಿಡಿದು ಜನ ಎಣಿಸುತ್ತಿರುತ್ತಾರೋ ಅವರನ್ನು ಕೇಳಿ, ಗುಂಪು ಅವರ ಕೈಯಲ್ಲಿರುತ್ತದೆ.

ಗುಂಪಿನ ಕೋಡ್ 7 ದಿನಕ್ಕೆ ಸಾಯುತ್ತದೆ. ಗುಂಪಿನಲ್ಲಿ 200 ಜನ ದಾಟಿದ ಮೇಲೆ ಕೋಡಿನಿಂದ ಸೇರಲಾಗದು, ಒಳಗಿನವರೇ ಎಳೆದುಕೊಳ್ಳಬೇಕು. ಶ್ಯಾವ್‌ಹೊಂಗ್‌ಶುವಿನಲ್ಲಿ ಸಿಕ್ಕ ಕೋಡ್ ಕೆಲಸ ಮಾಡದಿದ್ದರೆ ಕಾರಣ ಇವೆರಡರಲ್ಲಿ ಒಂದು. ಪೋಸ್ಟ್ ಹಾಕಿದವರಿಗೆ ಖಾಸಗಿ ಸಂದೇಶ ಕಳಿಸಿ.

ಒಳಗೆ ಹೋದ ಮೇಲೆ ‘ಚಿಯೆ ಲುಂಗ್’ ಗಮನಿಸಿ. ಒಬ್ಬರು ದಿನ, ಹೊತ್ತು, ಜಾಗ ಹಾಕಿ ಪಟ್ಟಿ ಶುರುಮಾಡುತ್ತಾರೆ, ಬರುವವರು ಒಬ್ಬೊಬ್ಬರಾಗಿ ತಮ್ಮ ಹೆಸರು ಸೇರಿಸುತ್ತ ಹೋಗುತ್ತಾರೆ. ಹೆಸರು ಹಾಕಿ ಬಾರದೇ ಇರುವುದಕ್ಕಿಂತ ದೊಡ್ಡ ಅಪರಾಧ ಆ ಗುಂಪಿನಲ್ಲಿಲ್ಲ. ಲೆಕ್ಕ ನೋಡಿ: ಗಂಟೆಗೆ 300 ಯುವಾನ್‌ನ ಅಂಕಣ, ಎರಡು ಗಂಟೆ, 12 ಜನ ಎಂದರೆ ತಲೆಗೆ 50. ಇಬ್ಬರು ಕೈಕೊಟ್ಟರೆ ಉಳಿದವರಿಗೆ 60. ಬರಲಾಗದಿದ್ದರೆ ಬದಲಿ ಒಬ್ಬರನ್ನು ಹುಡುಕಿಕೊಡಿ ಅಥವಾ ನಿಮ್ಮ ಪಾಲು ಕೊಟ್ಟುಬಿಡಿ.

ನೀವೇ ಪೋಸ್ಟ್ ಹಾಕುವುದಾದರೆ ಇಷ್ಟಿರಲಿ: ನಗರ, ಹತ್ತಿರದ ಮೆಟ್ರೋ ನಿಲ್ದಾಣ, ಬಿಡುವಿನ ದಿನ ಮತ್ತು ಹೊತ್ತು, ಎತ್ತರ, ಆಡುವ ಸ್ಥಾನ, ಮಟ್ಟ, ಚೀನೀ ಎಷ್ಟು ಬರುತ್ತದೆ. ಮಟ್ಟ ಹೇಳುವಾಗ ಒಂದು ಮೆಟ್ಟಿಲು ಕೆಳಗೇ ಹೇಳಿ. ‘ತ್ಸಾಯ್’ ಎಂದರೆ ಸೊಪ್ಪು-ತರಕಾರಿ, ಆಟ ಬಾರದವರಿಗೂ ಅದೇ ಹೆಸರು. ತಾನೇ ‘ತ್ಸಾಯ್’ ಎಂದು ಬರೆದುಕೊಂಡವರಿಗೆ ಹೆಚ್ಚು ಉತ್ತರ ಬರುತ್ತದೆ. ನಾವು ‘ಬದನೆಕಾಯಿ’ ಎಂದು ತಳ್ಳಿಹಾಕುತ್ತೇವಲ್ಲ, ಸುಮಾರು ಅದೇ.

ಹೆಜ್ಜೆ 5: ಗೇಮಿಂಗ್ ಗೆಳೆಯರು

ಇಲ್ಲಿ ಕಷ್ಟ ಜನರದ್ದಲ್ಲ, ಖಾತೆಯದ್ದು. ಚೀನಾದ ಸರ್ವರ್‌ಗಳಲ್ಲಿ ಆಡಲು ನಿಜ ಹೆಸರಿನ ನೋಂದಣಿ ಕಡ್ಡಾಯ. 2021ರ ಸೆಪ್ಟೆಂಬರ್‌ನಿಂದ 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆಟ. ಅದಕ್ಕಾಗಿ ಎಲ್ಲರ ಗುರುತೂ ನೋಡುತ್ತಾರೆ. ನೋಂದಣಿಯ ಪುಟ ಚೀನೀ ಗುರುತಿನ ಚೀಟಿಯ 18 ಅಂಕಿಗಳನ್ನು ಕೇಳುತ್ತದೆ. ಕೆಲವು ಗೇಮ್‌ಗಳಲ್ಲಿ ಗ್ರಾಹಕ ಸೇವೆಯ ಮೂಲಕ ಪಾಸ್‌ಪೋರ್ಟ್ ಕಳಿಸಿ ಪರಿಶೀಲನೆ ಮಾಡಿಸಬಹುದು. ಗೆಳೆಯರ ಚೀಟಿ ಸಂಖ್ಯೆ ಹಾಕುವುದು, ಖಾತೆ ಕೊಳ್ಳುವುದು ಬೇಡವೇ ಬೇಡ. ಮಧ್ಯದಲ್ಲಿ ಮುಖ ತೋರಿಸು ಎಂದಾಗ ಖಾತೆ ಹೋಗುತ್ತದೆ.

ಇನ್ನೊಂದು ಭ್ರಮೆ, ಊರಿನ ಖಾತೆಯೇ ನಡೆಯುತ್ತದೆ ಎಂಬುದು. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ನಿಷೇಧವಾಗಿ 2021ರಲ್ಲಿ ಅದರ ಭಾರತದ ಆವೃತ್ತಿ ಬಿಜಿಎಂಐ ಬಂತು. ಚೀನಾದಲ್ಲಿ ಪಬ್ಜಿಯ ಜಾಗದಲ್ಲಿರುವುದು 2019ರಿಂದ ‘ಹೆಫಿಂಗ್ ಚಿಂಗ್ಯಿಂಗ್’ ಎಂಬ ಬೇರೆಯೇ ಗೇಮ್. ನಿಮ್ಮ ಮಟ್ಟ, ಸ್ಕಿನ್ (ಪಾತ್ರದ ವೇಷ) ಯಾವುದೂ ಅಲ್ಲಿಗೆ ಬಾರದು. ಗೆನ್‌ಶಿನ್ ಇಂಪ್ಯಾಕ್ಟ್‌ನ ಚೀನಾ ಸರ್ವರೂ ಪ್ರತ್ಯೇಕ. ಎಲ್ಲರ ಫೋನಿನಲ್ಲೂ ಇರುವ ಆನರ್ ಆಫ್ ಕಿಂಗ್ಸ್‌ನಲ್ಲಿ ವೀಚಾಟ್‌ನಿಂದ ಒಳಬಂದವರ ಖಾತೆ ಬೇರೆ, ಕ್ಯೂಕ್ಯೂ ಎಂಬ ಇನ್ನೊಂದು ಚಾಟ್ ಆ್ಯಪ್‌ನಿಂದ ಒಳಬಂದವರ ಖಾತೆ ಬೇರೆ; ಒಂದರ ಮಟ್ಟ ಇನ್ನೊಂದಕ್ಕೆ ಬಾರದು. ಗೇಮ್ ಇಳಿಸುವ ಮೊದಲು ಸಹೋದ್ಯೋಗಿಗಳು ಯಾವ ಕಡೆ ಇದ್ದಾರೆಂದು ಕೇಳಿ. ಕಚೇರಿಯವರು ಹೆಚ್ಚಾಗಿ ವೀಚಾಟ್, ಕಾಲೇಜಿನವರಲ್ಲಿ ಕ್ಯೂಕ್ಯೂ ಸಹ ಸಾಕಷ್ಟು. ಇದನ್ನು ಕೇಳದೆ ತಿಂಗಳುಗಟ್ಟಲೆ ಮಟ್ಟ ಏರಿಸಿದವರು ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಗಬಹುದು.

ಗೇಮ್ ಆಡುವವರು ಮಾತಾಡಲು ಬಳಸುವ ಡಿಸ್ಕಾರ್ಡ್ ಅಲ್ಲಿ ತೆರೆಯುವುದಿಲ್ಲ. ಅನುಮತಿಯಿಲ್ಲದ ವಿಪಿಎನ್ ಕಾನೂನಿಗೆ ವಿರುದ್ಧ. ಡಿಸ್ಕಾರ್ಡ್ ಬದಲಿಗೆ ಅದೇ ಬಗೆಯ ಕುಕ್ ಎಂಬ ಆ್ಯಪ್, ಕ್ಯೂಕ್ಯೂ ಗುಂಪು, ವೀಚಾಟ್ ಕರೆ ಬಳಸುತ್ತಾರೆ. ಕಂಪ್ಯೂಟರ್ ಗೇಮ್ ಮಾರುವ ತಾಣ ಸ್ಟೀಮ್‌ನ ಗೇಮ್‌ಗಳು ನಡೆಯುತ್ತವೆ, ಅದರ ಸಮುದಾಯ ಪುಟಗಳು ಮಾತ್ರ ಇಲ್ಲ. ಹೊರದೇಶದ ಸರ್ವರ್‌ಗೆ ತಡವರಿಸಿದರೆ ಗೇಮ್‌ಗೆಂದೇ ಇರುವ ‘ಚ್ಯಾ ಸು ಛಿ’, ಅಂದರೆ ವೇಗವರ್ಧಕ, ಸಿಗುತ್ತದೆ. ನೆಟ್‌ಈಸ್ ಎಂಬ ಗೇಮ್ ಕಂಪನಿಯ ಯುಯು ಹೆಚ್ಚು ಬಳಕೆಯಲ್ಲಿದೆ. ಊರಿನ ಗೆಳೆಯರೊಡನೆ ಆಡುವವರಿಗೆ ಎರಡೂವರೆ ಗಂಟೆಯ ಅಂತರ ನೆನಪಿರಲಿ: ಬೆಂಗಳೂರಿನ ರಾತ್ರಿ ಒಂಬತ್ತು ಎಂದರೆ ಅಲ್ಲಿ ಹನ್ನೊಂದೂವರೆ.

ಒಟ್ಟಾಗಿ ಆಡುವುದಕ್ಕೆ ‘ಖಾಯ್ ಹೇಯ್’ ಎನ್ನುತ್ತಾರೆ. ಹುಡುಕಾಟದಲ್ಲಿ ಗೇಮಿನ ಹೆಸರಿನ ಜೊತೆ ಈ ಪದ ಅಥವಾ ‘ತಾತ್ಸ’ ಸೇರಿಸಿ. ‘ಫೇಯ್ ವಾನ್’ ಎಂದು ಕಂಡರೆ ನಿಲ್ಲಿ: ಗಂಟೆಗಿಷ್ಟು ಎಂದು ಹಣ ಪಡೆದು ಜೊತೆಗೆ ಆಡುವವರು ಅವರು. ಇಂಗ್ಲಿಷ್ ಬರುತ್ತದೆಂದು ನಿಮಗೇ ಆ ಕೆಲಸ ಕೊಡಲು ಬಂದರೂ ಒಪ್ಪಬೇಡಿ, ವಿದ್ಯಾರ್ಥಿ ವೀಸಾದಲ್ಲಿ ಅನುಮತಿಯಿಲ್ಲದ ಗಳಿಕೆ ತೊಂದರೆ ತರುತ್ತದೆ. ಮಕ್ಕಳಿಗೆ ಹಣಕ್ಕೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವುದಕ್ಕೂ ಇದೇ ಮಾತು.

ಎದುರಾಎದುರು ಕೂತು ಆಡಬೇಕೆಂದರೆ ‘ವಾಂಗ್ ಪಾ’, ‘ವಾಂಗ್ ಖಾ’ ಎಂಬ ಇಂಟರ್ನೆಟ್ ಕೆಫೆಗಳಿವೆ. ಒಳಹೋಗಲು ಗುರುತಿನ ಚೀಟಿ ಸ್ಕ್ಯಾನ್ ಆಗಬೇಕು. ಪಾಸ್‌ಪೋರ್ಟನ್ನು ಕೈಯಾರೆ ದಾಖಲಿಸಲು ಬಾರದೆ, ಇಲ್ಲವೇ ಬೇಡವಾಗಿ, ವಾಪಸ್ ಕಳಿಸುವುದುಂಟು. ಗುಂಪಾಗಿ ಹೋಗುವ ಮೊದಲು ಒಬ್ಬರೇ ಹೋಗಿ ವಿಚಾರಿಸಿ ಬನ್ನಿ, ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಭಾಷೆ ಅಷ್ಟು ಬಾರದಿದ್ದರೆ ಬೋರ್ಡ್ ಗೇಮ್ ಅಂಗಡಿಗಳು ಲೇಸು. ಆದರೆ ಕೊಲೆಯ ಕಥೆಯೊಳಗೆ ಪಾತ್ರವಾಗಿ ಆಡುವ ‘ಚ್ಯುಪನ್ ಶಾ’ಗೆ ಪುಟಗಟ್ಟಲೆ ಚೀನೀ ಓದಬೇಕು, ಅದನ್ನು ವರ್ಷದ ನಂತರಕ್ಕೆ ಇಟ್ಟುಕೊಳ್ಳಿ.

ಎರಡೂ ಹುಚ್ಚು ಇದ್ದವರಿಗೆ ಸುಲಭದ ಸೇತುವೆ, ಮೊಬೈಲ್ ಬ್ಯಾಸ್ಕೆಟ್‌ಬಾಲ್ ಗೇಮ್‌ಗಳು. ನೆಟ್‌ಈಸ್‌ನ ಡಂಕ್ ಸಿಟಿ ಡೈನಸ್ಟಿಯಲ್ಲಿ ಮೂರು ಮೂರು ಜನರ ಆಟ. ಮಳೆಗೆ ಅಂಕಣ ರದ್ದಾದ ದಿನ ಅದೇ ಗುಂಪಿನಲ್ಲಿ ‘ಖಾಯ್ ಹೇಯ್ ಮಾ?’ ಎಂದು ಕೇಳಿ ನೋಡಿ. ಶಾಂಘೈ ಸುತ್ತಮುತ್ತ ಜೂನ್ ನಡುವಿನಿಂದ ಜುಲೈ ಆರಂಭದವರೆಗೆ ಜಿನುಗುವ ಮಳೆಗಾಲ, ಆಗ ಈ ಪ್ರಶ್ನೆ ಚೆನ್ನಾಗಿ ಓಡುತ್ತದೆ. ಚೀನೀ ಹೊಸವರ್ಷದ ಹೊತ್ತಿಗೆ ಎಲ್ಲರೂ ಊರಿಗೆ ಹೋಗಿ ಅಂಕಣ ಖಾಲಿ, ಆದರೆ ಫೋನ್ ಅವರ ಕೈಯಲ್ಲೇ ಇರುತ್ತದೆ.

ಆಟದ ನಂತರ

ಕೊನೆಗೆ ಯಾರಾದರೂ ‘ಲೂ ಛ್ವಾನ್’ ಎನ್ನುತ್ತಾರೆ: ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟದ್ದನ್ನು ತಿನ್ನಲು ಹೋಗೋಣ ಎಂದು. ಮೊದಲ ಸಲ ಕರೆದಾಗ ಹೋಗಿ, ಎರಡನೇ ಸಲ ಕರೆಯುವುದು ಅದರ ಮೇಲೆ ನಿಂತಿದೆ. ಸಸ್ಯಾಹಾರಿಗಳು ‘ವೋ ಛ್ರ್ ಸು’ ಎಂದರೆ ಸಾಕು. ಅಣಬೆ, ಆಲೂಗಡ್ಡೆ ಬಿಲ್ಲೆ, ಹಬೆಯಲ್ಲಿ ಬೆಂದ ಬನ್ನಿನ ತುಂಡು, ಜೀರಿಗೆ-ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಸುಟ್ಟ ಬದನೆಕಾಯಿಯ ಮೇಲೆ ಕೆಲವು ಕಡೆ ಕೊಚ್ಚಿದ ಮಾಂಸ ಹಾಕಿರುತ್ತಾರೆ, ಕೇಳಿಕೊಳ್ಳಿ. ಕೆಂಡ ಮಾತ್ರ ಎಲ್ಲಕ್ಕೂ ಒಂದೇ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಕಡಲೆಬೀಜ, ಎಳೆ ಸೋಯಾ ಕಾಯಿಯ ತಟ್ಟೆ ಮೊದಲೇ ಮೇಜಿಗೆ ಬಂದಿರುತ್ತದೆ. ಬಿಲ್ಲನ್ನು ಒಬ್ಬರೇ ಕೊಟ್ಟಿದ್ದರೆ, ರಾತ್ರಿ ಗುಂಪಿಗೆ ತಲೆಗಿಷ್ಟು ಎಂದು ಲೆಕ್ಕ ಬಂದಾಗ ಮಲಗುವ ಮೊದಲೇ ಕೊಟ್ಟುಬಿಡಿ.